ನಮ್ಮವ್ವ ಹಾಗೆ ಹೇಳಿರಲಿಲ್ಲ

ವಿದೇಶಾಂಗ ಖಾತೆಯನ್ನು ಹೊತ್ತಿರುವ ಮಾನ್ಯ ಸಚಿವರೇ,

ಬಾಗಲಕೋಟೆಯ ಚುನಾವಣಾ ಸಭೆಯಲ್ಲಿ ನೀವು ಒಬ್ಬ ಮುದುಕಿಯ ಪಾದ ಮುಟ್ಟಿದಿರಿ. ಆಕೆ ನನ್ನ ತಾಯಿ. ಹೆಸರು ಬೋರವ್ವ, ಊರು ಬಾದಾಮಿ ತಾಲ್ಲೂಕಿನ ಚೊಳಚಗುಡ್ಡ. ನಿಮ್ಮ ಧ್ವನಿವರ್ಧಕದ ಮುಂದೆ ಆಕೆ ಕನ್ನಡದಲ್ಲಿ ಒಂದು ಮಾತು ಹೇಳಿದಳು. ನಿಮ್ಮ ಪಕ್ಕದಲ್ಲಿ ನಿಂತವನು ಅದನ್ನು ಹಿಂದಿಯಲ್ಲಿ ತದ್ವಿರುದ್ಧ ಮಾಡಿ ಹೇಳಿದ. ನೀವು ಆ ಸುಳ್ಳನ್ನು ಎತ್ತಿಕೊಂಡು ಒಂದು ದೇಶದ ಜೊತೆಗಿನ ಸಂಬಂಧವನ್ನೇ ಕಡಿದಿರಿ. ಅದರ ಫಲವಾಗಿ ನನ್ನ ತಮ್ಮ ಬೀರಲಿಂಗನ ಬಲಗೈ ಇವತ್ತು ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರ. ನಿಮ್ಮ ಕಚೇರಿಗೆ ಬರೆದುಕೊಂಡ ಮನವಿಗಳಿಗೆ ‘ಸ್ವೀಕರಿಸಲಾಗಿದೆ’ ಎಂಬುದರ ಆಚೆ ಒಂದು ಪದವೂ ಬರಲಿಲ್ಲವಾದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಯಾರಾದರೂ ನಿಮಗೆ ಹಿಂದಿಯಲ್ಲಿ ಓದಿ ಹೇಳಬೇಕಾದೀತು. ದಯವಿಟ್ಟು ಅವತ್ತಿನ ಆ ಮನುಷ್ಯನನ್ನು ಆ ಕೆಲಸಕ್ಕೆ ಕರೆಯಬೇಡಿ.

ನಾನು ಕೆರೂರಿನ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಖಾಸಗಿ ಕಾಲೇಜಾದ್ದರಿಂದ ನನ್ನನ್ನು ಬೀದರಿಗೋ ಚಾಮರಾಜನಗರಕ್ಕೋ ವರ್ಗ ಮಾಡಿಸುವ ಶ್ರಮ ನಿಮಗಿಲ್ಲ. ನಮ್ಮ ಪಠ್ಯದಲ್ಲಿ ವಿದೇಶಾಂಗ ನೀತಿಯನ್ನು ನಿರ್ಧರಿಸುವ ಅಂಶಗಳು ಎಂಬ ಒಂದು ಪಾಠ ಬರುತ್ತದೆ. ಭೂಗೋಳ, ಇತಿಹಾಸ, ವ್ಯಾಪಾರ, ಸೇನಾಬಲ, ಎಲ್ಲಕ್ಕಿಂತ ಮೇಲೆ ರಾಷ್ಟ್ರಹಿತ. ಬಹಳ ವರ್ಷ ಇದನ್ನು ನಂಬಿಕೆಯಿಂದಲೇ ಕಲಿಸಿದೆ. ನಿಮ್ಮ ಸಭೆಗೆ ಬಂದುಹೋದ ಮೇಲೆ ತಿಳಿಯಿತು, ಆ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವೇ ಬಿಟ್ಟುಹೋಗಿದೆ: ವೇದಿಕೆಯ ಮೇಲೆ ನಿಂತಿರುವ ಮಂತ್ರಿಗೆ ಮುಂದಿನ ಸಿಳ್ಳೆ ಎಲ್ಲಿಂದ ಬರುತ್ತದೆ ಎಂಬುದು.

ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ಪತ್ರವನ್ನು ಅಲ್ಲಿಗೇ ಬಿಟ್ಟು ಆ ದೇಶವನ್ನು ಬೈಯಲು ತೊಡಗುತ್ತಾರೆ, ಉಳಿದರ್ಧ ಜನ ನನ್ನನ್ನು. ಸಮುದ್ರದಾಚೆಯ ಒಂದು ಚಿಕ್ಕ ದೇಶ ಎಂದುಕೊಂಡರೆ ಸಾಕು. ಅದರ ರಾಜಧಾನಿಯಲ್ಲಿ ನಮ್ಮ ಸರ್ಕಾರ ಸ್ನೇಹದ ಕಾಣಿಕೆಯೆಂದು ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿಕೊಡುತ್ತಿತ್ತು. ನೆಲಕ್ಕೆಲ್ಲ ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟು. ಕಲ್ಲಿನ ಜೊತೆಗೆ ಅದನ್ನು ಕೂಡಿಸುವ ಜನವೂ ಇಲ್ಲಿಂದಲೇ ಹೋಯಿತು. ಅವರಲ್ಲಿ ನನ್ನ ತಮ್ಮನೂ ಒಬ್ಬ. ನಮ್ಮದು ಬೀರಪ್ಪ ದೇವರ ಒಕ್ಕಲು; ನಮ್ಮಪ್ಪ ಕುರಿ ಕಾಯ್ದವನು. ಬೀರಲಿಂಗನಿಗೆ ಮಾತ್ರ ಕುರಿಗಿಂತ ಕಲ್ಲು ಹಿಡಿಸಿತು. ಇಳಕಲ್ಲಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ಸೇರಿ, ಕಲ್ಲು ಕೊಯ್ಯುವುದು, ಉಜ್ಜುವುದು, ನೆಲಕ್ಕೆ ಕೂಡಿಸುವುದು ಎಲ್ಲ ಕಲಿತ. ಹುನಗುಂದದ ಅಂಜನಾಳನ್ನು ಮದುವೆಯಾದ. ಆಸ್ಪತ್ರೆಯ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಂಜನಾಳೇ. ಸರ್ಕಾರದ ಕೆಲಸ, ಸ್ನೇಹದ ಕೆಲಸ, ಅದಕ್ಕಿಂತ ಭದ್ರವಾದದ್ದು ಏನಿದೆ ಎಂದುಕೊಂಡಳು ಪಾಪ.

ಅಲ್ಲಿಂದ ವಿಡಿಯೋ ಕಾಲ್ ಮಾಡಿದಾಗೆಲ್ಲ ಬೀರಲಿಂಗ ತನ್ನ ಮುಖ ತೋರಿಸುತ್ತಿರಲಿಲ್ಲ, ಫೋನನ್ನು ನೆಲದ ಕಡೆ ಹಿಡಿಯುತ್ತಿದ್ದ.

“ಯಕ್ಕಾ, ನಮ್ಮ ಕಲ್ಲು ಹೆಂಗ ಮಿಂಚಾಕತ್ತೈತಿ ನೋಡ. ಇಲ್ಲಿ ಡಾಕ್ಟರ ಮಂದಿಗೆ ತಲಿ ಬಾಚ್ಕೊಳ್ಳಾಕ ಕನ್ನಡಿ ಬೇಕಾಗೂದಿಲ್ಲ.”

“ನಿನ್ನ ಮಾರಿ ತೋರಸೋ ಮೊದಲ,” ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು.

ಹೀಗಿರುವಾಗ ಅಲ್ಲಿಯ ಅಧ್ಯಕ್ಷರಿಗೂ ಚುನಾವಣೆ ಬಂತು. ಅವರೂ ನಿಮ್ಮಂಥವರೇ. ಬೆಲೆಯೇರಿಕೆಗೆ ಏನು ಮಾಡಿದಿರಿ ಎಂದು ಜನ ಕೇಳಿದಾಗ ಹೊರಗಿನವರು ಬಂದು ನಮ್ಮ ಕೆಲಸ ಕಸಿದರು ಎಂದು ಉತ್ತರ ಕೊಟ್ಟರು. ಕೆಲಸದ ಪರವಾನಗಿ ರದ್ದಾಯಿತು. ಆಸ್ಪತ್ರೆಯ ಗೇಟಿಗೆ ಬೀಗ ಬಿತ್ತು. ನಮ್ಮವರನ್ನೆಲ್ಲ ಊರ ಹೊರಗಿನ ಒಂದು ಶಿಬಿರಕ್ಕೆ ಸಾಗಿಸಿದರು. ಸಾಗಿಸುವ ಹಿಂದಿನ ದಿನ ಅವಸರದಲ್ಲಿ ಸಾಮಾನು ಎತ್ತುವಾಗ ಕಲ್ಲಿನ ಹಲಗೆಯೊಂದು ಜಾರಿ ಬೀರಲಿಂಗನ ಬಲಗೈ ಜಜ್ಜಿತ್ತು. ಶಿಬಿರದಲ್ಲಿ ಪಟ್ಟಿ ಕಟ್ಟಿದರು. ಆಗ ಯಾರೂ ಗಾಬರಿಯಾಗಲಿಲ್ಲ. ಯಾಕೆಂದರೆ ಎರಡೂ ಕಡೆಯ ಅಧಿಕಾರಿಗಳು ಕೂತು ಮಾತಾಡಿಕೊಂಡಿದ್ದರು: ವಿಮಾನ ಗೊತ್ತುಮಾಡಿ ಎಲ್ಲರನ್ನೂ ಊರಿಗೆ ಕಳಿಸುವುದು, ಸದ್ದುಗದ್ದಲ ಬೇಡ. ನೋಡಿ, ಅಧಿಕಾರಿಗಳ ಪಾಡಿಗೆ ಅಧಿಕಾರಿಗಳನ್ನು ಬಿಟ್ಟಿದ್ದರೆ ನನ್ನ ತಮ್ಮ ಮುಂದಿನ ವಾರ ಬಾಗಲಕೋಟೆಯ ಯಾವುದಾದರೂ ದವಾಖಾನೆಯಲ್ಲಿ ಕೈ ತೋರಿಸಿಕೊಂಡು ಮನೆಗೆ ಬರುತ್ತಿದ್ದ.

ಆದರೆ ಅಷ್ಟರಲ್ಲಿ ನಮ್ಮಲ್ಲೂ ಚುನಾವಣೆ ಬಂದಿತ್ತು. ವಿಮಾನ ಒಂದಿಷ್ಟು ತಡವಾಗುತ್ತದೆ ಎಂದರು. ಆಮೇಲೆ ಇನ್ನೊಂದಿಷ್ಟು ಎಂದರು. ಕೈ ಬಾತಿದೆ ಎಂದು ಬೀರಲಿಂಗ ಶಿಬಿರದಿಂದ ಫೋನಿನಲ್ಲಿ ಹೇಳತೊಡಗಿದ. ನಾವು ಕಂಗಾಲಾಗಿ ಯಾರ ಬಾಗಿಲು ಬಡಿಯುವುದೆಂದು ತಿರುಗುತ್ತಿದ್ದಾಗ ನಿಮ್ಮ ಪಕ್ಷದ ತಾಲ್ಲೂಕಿನ ಮುಖಂಡ ಹನಮಂತಪ್ಪ ತಾನೇ ನಮ್ಮ ಮನೆಗೆ ಬಂದ.

“ಯಕ್ಕಾರ, ಖುದ್ದ ವಿದೇಶಾಂಗ ಮಂತ್ರಿಗಳು ಬಾಗಲಕೋಟಿಗೆ ಬರಾಕತ್ತಾರ. ಅವ್ವಾರನ್ನ ಕರಕೊಂಡ ಬರ್ರಿ. ವೇದಿಕಿ ಮ್ಯಾಲೆ ಕೂಡಸ್ತೇನಿ, ಎದುರಿಗೇ ಹೇಳ್ಲಿ. ಅಂಥವರ ಕಿವಿಗೆ ಬಿತ್ತಂದ್ರ ನಿಮ್ಮ ತಮ್ಮ ಬಂದ ಅಂತನ ತಿಳೀರಿ.”

“ಕುಂತ ಮಾತಾಡಾಕ ಆಗೂದಿಲ್ಲೇನ್ರಿ? ಗೆಸ್ಟ್ ಹೌಸಿನಾಗ ಒಂದ ಘಳಿಗಿ?” ಎಂದು ನಾನು ಕೇಳಿದೆ.

“ಸಾಹೇಬ್ರಿಗೆ ಪುರಸೊತ್ತ ಇರೂದಿಲ್ರಿ. ವೇದಿಕಿ ಮ್ಯಾಲೆ ಆದ್ರ ನಾಕ ಮಂದಿ ಮುಂದ ಮಾತು ಕೊಟ್ಟಂಗಾಕ್ಕೈತಿ, ಆಮ್ಯಾಲೆ ತಪ್ಪಿಸಿಕೊಳ್ಳಾಕ ಬರೂದಿಲ್ಲ.”

ಆ ತರ್ಕ ನನಗೂ ಸರಿಯೆನಿಸಿತು. ರಾಜ್ಯಶಾಸ್ತ್ರ ಓದಿದವಳಲ್ಲವೇ. ಅವ್ವ ಹಬ್ಬಕ್ಕೆ ಉಡಲೆಂದು ತೆಗೆದಿಟ್ಟಿದ್ದ ಇಳಕಲ್ ಸೀರೆ ಉಟ್ಟಳು. ನಾನು, ಅಂಜನಾ, ನನ್ನ ಕಾಲೇಜಿನಲ್ಲಿ ಹಿಂದಿ ಕಲಿಸುವ ಗೆಳತಿ ಫರಹಾನಾ, ನಾಲ್ವರೂ ಹೊರಟೆವು. ನಿಮಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಬೇಕಾದರೆ ತಾನು ತಿಳಿಸಿ ಹೇಳುತ್ತೇನೆಂದೇ ಫರಹಾನಾ ರಜೆ ಹಾಕಿ ಬಂದಿದ್ದಳು. ದಾರಿಯುದ್ದಕ್ಕೂ ಅವ್ವ ಹೇಳಬೇಕಾದ್ದನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ನಿಮ್ಮ ಜನ ಅವ್ವನೊಬ್ಬಳನ್ನೇ ಮೆಟ್ಟಿಲು ಹತ್ತಿಸಿ ನಮ್ಮನ್ನು ಕೆಳಗೇ ನಿಲ್ಲಿಸಿದರು. ಅನುವಾದಕ್ಕೆ ನಮ್ಮವರೇ ಇದ್ದಾರೆ ಎಂದರು. ನಿಮ್ಮ ಪಕ್ಷದ ಒಬ್ಬ ಭಾಷಣಕಾರ, ಬಿಳಿ ಜುಬ್ಬಾ ತೊಟ್ಟು ನಿಮ್ಮ ಪಕ್ಕದಲ್ಲಿ ನಿಂತಿದ್ದ.

ಅವ್ವ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ. ಸಾವಿರಾರು ಕನ್ನಡಿಗರು ಕೇಳಿದ್ದಾರೆ, ಸುಳ್ಳಾದರೆ ಯಾರಾದರೂ ತಿದ್ದಲಿ.

“ಸಾಹೇಬ್ರ, ಆ ದೇಶದ ಮಂದೀನ ಬೈಬ್ಯಾಡ್ರಿ. ನನ್ನ ಮಗ ಅವರ ಕೈಯಾಗ ಅದಾನ್ರಿ. ಕೈಗೆ ಗಾಯ ಆಗೇತಿ. ಅವರೂ ಮಕ್ಕಳೊಂದಿಗರು, ಸಮಾಧಾನದ್ಲೆ ಮಾತಾಡಿದ್ರ ಕೇಳ್ತಾರ. ಮಾತಾಡಿ ನನ್ನ ಮಗನ್ನ ಕರಕೊಂಡ ಬರ್ರಿ.”

ಜುಬ್ಬಾದವನು ಒಂದು ಕ್ಷಣವೂ ತಡೆಯಲಿಲ್ಲ. ಕೈ ಮೇಲೆತ್ತಿ ಹಿಂದಿಯಲ್ಲಿ ಕೂಗಿದ. ಈ ವೀರಮಾತೆ ಹೇಳುತ್ತಿದ್ದಾಳೆ, ಆ ದೇಶದ ಜೊತೆ ಇನ್ನು ಮಾತು ಬೇಡ. ನನ್ನ ಮಗ ಹೋದರೆ ಹೋಗಲಿ, ನನ್ನ ದೇಶ ತಲೆ ತಗ್ಗಿಸಬಾರದು.

ಫರಹಾನಾ ನನ್ನ ಮೊಣಕೈ ಹಿಡಿದು ಎಳೆದಳು. “ಲಲಿತಾ, ಇಂವ ಉಲ್ಟಾ ಹೇಳಾಕತ್ತಾನ! ಅವ್ವ ಎಲ್ಲಿ ಹಂಗ ಅಂದ್ಳು?” ನನಗೂ ಅಷ್ಟು ಹಿಂದಿ ತಿಳಿಯುತ್ತದೆ. ನಾವಿಬ್ಬರೂ “ಇಲ್ರಿ, ಅಕಿ ಹಂಗ ಅಂದಿಲ್ರಿ,” ಎಂದು ಗಂಟಲು ಹರಿಯುವಂತೆ ಕೂಗಿದೆವು. ಅಷ್ಟರಲ್ಲಿ ಡೊಳ್ಳು ಶುರುವಾಯಿತು, ಜೈಕಾರ ಶುರುವಾಯಿತು. ಬೇಲಿಯ ಬಳಿಯ ಪೊಲೀಸಮ್ಮ ನಮ್ಮನ್ನು ಹಿಂದಕ್ಕೆ ನೂಕಿ, “ನೀವೂ ಜೈ ಅನ್ರಿ, ಆದ್ರ ಇಲ್ಲಿ ನುಗ್ಗಬ್ಯಾಡ್ರಿ,” ಎಂದಳು. ಮೇಲೆ ನೀವು ಬಗ್ಗಿ ಅವ್ವನ ಪಾದ ಮುಟ್ಟಿದಿರಿ. ಕ್ಯಾಮೆರಾದವನು ಕೈಸನ್ನೆ ಮಾಡಿದಾಗ ಇನ್ನೊಂದು ಸಲ ಮುಟ್ಟಿದಿರಿ. ಅವ್ವನ ಮುಖದಲ್ಲಿ ನಗು ಕಂಡಿತು ನನಗೆ. ತನ್ನ ಮಾತನ್ನು ನೀವು ಒಪ್ಪಿದಿರಿ ಎಂದುಕೊಂಡಿದ್ದಳು ಆಕೆ. ಇಷ್ಟು ದೊಡ್ಡ ಮನುಷ್ಯ ಕಾಲು ಮುಟ್ಟಿದ ಮೇಲೆ ಮಗ ಬಂದಂತೆಯೇ ಎಂದು ನಂಬಿ ನಿಮ್ಮ ತಲೆಯ ಮೇಲೆ ಕೈಯಿಟ್ಟಳು.

ಆ ಆಶೀರ್ವಾದ ತೆಗೆದುಕೊಂಡೇ ನೀವು ಧ್ವನಿವರ್ಧಕಕ್ಕೆ ತಿರುಗಿದಿರಿ. ಆ ದೇಶವನ್ನು ನಕ್ಷೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕು ಎಂದಿರಿ. ಸಿಳ್ಳೆ ಬಿತ್ತು. ನಾನು ಈ ತಾಯಿಯ ಆಜ್ಞೆ ಮೀರುವವನಲ್ಲ ಎಂದಿರಿ. ಇನ್ನಷ್ಟು ಸಿಳ್ಳೆ. ಈ ಕ್ಷಣದಿಂದ ಅಲ್ಲಿಯ ನಮ್ಮ ರಾಯಭಾರಿಯನ್ನೂ ಸಿಬ್ಬಂದಿಯನ್ನೂ ಹಿಂದಕ್ಕೆ ಕರೆಸುತ್ತಿದ್ದೇನೆ, ರಾಯಭಾರ ಕಚೇರಿಗೆ ಬೀಗ ಹಾಕಿಸುತ್ತಿದ್ದೇನೆ ಎಂದಿರಿ. ಶಾಮಿಯಾನ ಹಾರಿಹೋಗುವಂಥ ಚಪ್ಪಾಳೆ. ಆ ಕಚೇರಿಯಲ್ಲಿ ಕೂತವರೇ ವಿಮಾನದ ಮಾತುಕತೆ ನಡೆಸುತ್ತಿದ್ದರು ಎಂಬುದು ನಿಮಗೆ ಆ ಹೊತ್ತಿನಲ್ಲಿ ನೆನಪಿತ್ತೇ? ನೆನಪಿತ್ತು ಎಂದರೆ ನೀವು ಎಂಥ ಮನುಷ್ಯ? ನೆನಪಿರಲಿಲ್ಲ ಎಂದರೆ ಎಂಥ ಮಂತ್ರಿ? ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಕೆಳಗಿಳಿದು ಬಂದ ಅವ್ವ ನಮ್ಮ ಮುಖ ನೋಡಿ ಗಾಬರಿಯಾದಳು.

“ಯಾಕವ್ವಾ, ನಾ ಏನರೆ ತಪ್ಪ ಹೇಳಿದ್ನೇನು?”

“ನೀ ಸರಿನ ಹೇಳಿದ್ಯವ್ವಾ. ಅಂವ ಹೊಳ್ಳಿ ಹೇಳೂವಾಗ ಬ್ಯಾರೆ ಹೇಳಿದ,” ಎಂದು ನಾನು ಇದ್ದದ್ದನ್ನು ಇದ್ದಂತೆ ತಿಳಿಸಿದೆ. ಅಂಜನಾ ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ಅವ್ವ ಅಳಲಿಲ್ಲ.

“ಮಗ ಹ್ವಾದ್ರ ಹೋಗ್ಲಿ ಅಂದ್ನಾ? ನನ್ನ ಬಾಯಿಲೆ?” ಎಂದು ಎರಡು ಸಲ ಕೇಳಿದಳು. ಆಮೇಲೆ ನನ್ನ ಕೈ ಹಿಡಿದಳು. “ನಡಿ, ಹಿಂದಕ ಹೋಗೂಣು. ಸರಿಯಾಗಿ ಹೇಳಿ ಬರ್ತೇನಿ.”

ಜನರನ್ನು ಸರಿಸುತ್ತ ವೇದಿಕೆಯ ಹಿಂಬದಿಗೆ ಹೋಗುವಷ್ಟರಲ್ಲಿ ನಿಮ್ಮ ಹೆಲಿಕಾಪ್ಟರ್ ಮೇಲೆದ್ದಿತ್ತು. ಧೂಳಿನಲ್ಲಿ ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹನಮಂತಪ್ಪ ಫೋನಿನಲ್ಲಿ ಯಾರಿಗೋ ಸಭೆಯ ಯಶಸ್ಸು ಬಣ್ಣಿಸುತ್ತಿದ್ದ. ನಾನು ಎದುರು ನಿಂತು ಕೇಳಿದ್ದಕ್ಕೆ, “ಭಾಷಣದಾಗ ಒಂದ ಸ್ವಲ್ಪ ಮ್ಯಾಲ ಕೆಳಗ ಆಗ್ತೈತ್ರಿ ಯಕ್ಕಾರ. ಭಾವನಾ ಮುಖ್ಯ,” ಎಂದ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಬರೆಯಬೇಕು. ಇಲ್ಲವಾದರೆ ನಿಮ್ಮೊಬ್ಬರನ್ನೇ ದೂರಿ ಅನ್ಯಾಯ ಮಾಡಿದಂತಾಗುತ್ತದೆ. ನೀವು ಕನ್ನಡ ತಿಳಿಯದವರು, ನಿಮ್ಮನ್ನು ಮೋಸಗೊಳಿಸಿದರು ಎಂದು ವಾದಿಸಬಹುದು. ನನ್ನ ಜಿಲ್ಲೆಯ ಆ ಜನಸಾಗರಕ್ಕೆ ಏನಾಗಿತ್ತು? ಅವರೆಲ್ಲ ಕನ್ನಡದವರೇ. ಅವ್ವನ ಮಾತು ಅವರ ಕಿವಿಗೆ ನೇರವಾಗಿ ಬಿದ್ದಿತ್ತು. ಮಾತಾಡಿ ಮಗನನ್ನು ತನ್ನಿ ಎಂದು ಆಕೆ ಬೇಡಿದಾಗ ಮೈದಾನ ಸುಮ್ಮನಿತ್ತು. ಮಗ ಹೋದರೆ ಹೋಗಲಿ ಎಂದು ಹಿಂದಿಯಲ್ಲಿ ಕೇಳಿಬಂದಾಗ ಅದೇ ಮೈದಾನ ಎದ್ದು ಕುಣಿಯಿತು. ಬಸವಣ್ಣನ ಹೆಸರಲ್ಲಿ ದಿನ ಬೆಳಗಾದರೆ ಸತ್ಯ ನುಡಿ ಎಂದು ಮಾತಾಡುವ ನಾಡು ನಮ್ಮದು. ಕೂಡಲಸಂಗಮ ಇಲ್ಲೇ, ನಮ್ಮ ಜಿಲ್ಲೆಯಲ್ಲೇ ಇದೆ. ತಾಯಿಯ ಮಾತಿಗಿಂತ ಸುಳ್ಳು ರುಚಿಯಾಗಿದ್ದರಿಂದ ಸುಳ್ಳಿಗೆ ಚಪ್ಪಾಳೆ ತಟ್ಟಿದವರೂ ಇಲ್ಲಿಯವರೇ. ಅವರ ಪರವಾಗಿ ನಾಚಿಕೆಪಡುವ ಕೆಲಸ ನನ್ನ ಪಾಲಿಗಿರಲಿ. ಅದರ ಲಾಭ ಉಂಡವರು ನೀವು.

ಆ ದೃಶ್ಯ ರಾತ್ರಿಯೊಳಗೆ ಊರೂರು ಸುತ್ತಿತು, ಸಮುದ್ರವನ್ನೂ ದಾಟಿತು. ಅಲ್ಲಿಯ ಅಧ್ಯಕ್ಷರಿಗೆ ಹಬ್ಬ. ನೋಡಿ, ಅವರ ತಾಯಂದಿರು ಕೂಡ ನಮ್ಮನ್ನು ಎಷ್ಟು ದ್ವೇಷಿಸುತ್ತಾರೆ ಎಂದು ತಮ್ಮ ಪ್ರಚಾರ ಸಭೆಗಳಲ್ಲಿ ದೊಡ್ಡ ಪರದೆಯ ಮೇಲೆ ಅವ್ವನನ್ನು ತೋರಿಸಿದರು. ಅವರ ಸರ್ಕಾರ ಬಗ್ಗಿ ಕೇಳುವವರೆಗೆ ಒಬ್ಬ ಕೆಲಸಗಾರನನ್ನೂ ಬಿಡುವುದಿಲ್ಲ ಎಂದರು. ಅವರಿಗೂ ಸಿಳ್ಳೆ ಬಿತ್ತು. ಮಾನ್ಯರೇ, ನೀವಿಬ್ಬರೂ ವೈರಿಗಳೆಂದು ಜಗತ್ತು ತಿಳಿದಿತ್ತು. ನನಗೆ ಕಂಡಂತೆ ನೀವಿಬ್ಬರೂ ಒಬ್ಬರಿಗೊಬ್ಬರು ಚುನಾವಣಾ ಏಜೆಂಟರಾಗಿ ದುಡಿದಿರಿ. ನಿಮ್ಮ ಒಂದೊಂದು ಬೈಗುಳಕ್ಕೂ ಅವರಿಗೆ ಅಲ್ಲಿ ಮತ, ಅವರ ಒಂದೊಂದು ಬೈಗುಳಕ್ಕೂ ನಿಮಗೆ ಇಲ್ಲಿ ಮತ. ನಷ್ಟವಾದದ್ದು ಶಿಬಿರದಲ್ಲಿ ಮಲಗಿದವರಿಗೆ. ಅವರಿಗೆ ಅಲ್ಲಿ ಮತವಿರಲಿಲ್ಲ. ಇಲ್ಲಿ ಮತವಿತ್ತು, ಬಂದು ಹಾಕಲು ವಿಮಾನವಿರಲಿಲ್ಲ.

ಶಿಬಿರದಲ್ಲಿ ಏನೇನಾಯಿತೆಂಬುದು ಪೂರ್ತಿಯಾಗಿ ಬೀರಲಿಂಗ ಬಂದ ಮೇಲೆಯೇ ತಿಳಿದದ್ದು. ಅಲ್ಲಿ ಅವನಿಗೆ ಒಬ್ಬ ಕಾವಲುಗಾರನ ಪರಿಚಯವಾಗಿತ್ತು. ಭಾಷೆ ಬಾರದಿದ್ದರೂ ಇಬ್ಬರೂ ಹೇಗೋ ಮಾತಾಡಿಕೊಳ್ಳುತ್ತಿದ್ದರು. ನೋವು ಹೆಚ್ಚಾದಾಗ ಆತ ಹೊರಗಿನಿಂದ ಮಾತ್ರೆ ತಂದುಕೊಡುತ್ತಿದ್ದ. ಒಂದು ದಿನ ಆತ ಫೋನು ತಂದು ಮುಖಕ್ಕೆ ಹಿಡಿದ. ಪರದೆಯ ಮೇಲೆ ಅವ್ವ. ಕೆಳಗೆ ಅವರ ಭಾಷೆಯಲ್ಲಿ ನಿಮ್ಮ ಜುಬ್ಬಾದವನ ಮಾತು ಅಚ್ಚಾಗಿ ಓಡುತ್ತಿತ್ತು. ಬೀರಲಿಂಗನಿಗೆ ಅವ್ವನ ದನಿ ಕೇಳಿಸಿತು, ಆಕೆ ನಿಜವಾಗಿ ಹೇಳಿದ್ದು ಕೇಳಿಸಿತು. ಆ ಇಡೀ ಶಿಬಿರದ ಕಾವಲಿನಲ್ಲಿ ಅದು ತಿಳಿಯುವವರು ಯಾರೂ ಇರಲಿಲ್ಲ.

“ಯಕ್ಕಾ, ಕೈ ಮಾಡಿ ಹೇಳಿದ್ನಿ, ಹಿಂದ್ಯಾಗ ಹೇಳಿದ್ನಿ, ಕನ್ನಡದಾಗೂ ಹೇಳಿದ್ನಿ. ಅವ್ವ ನಿಮ್ಮನ್ನ ಬೈದಿಲ್ಲೋ ಮಾರಾಯಾ, ನಿಮ್ಮನ್ನ ಬೈಬ್ಯಾಡ್ರಿ ಅಂತ ಬೇಡ್ಕೊಳ್ಳಾಕತ್ತಾಳ ಅಂದ್ನಿ. ಅಂವ ಫೋನ್ ಕಿಸೇದಾಗ ಇಟಗೊಂಡ ಹೋಗಿಬಿಟ್ಟ. ಆಮ್ಯಾಲೆ ನನ್ನ ಮಾರಿ ನೋಡ್ಲಿಲ್ಲ.” ಇದನ್ನು ಹೇಳುವಾಗ ಬೀರಲಿಂಗನಿಗೆ ಕೈಯ ನೋವಿಗಿಂತ ಆ ಕಾವಲುಗಾರನ ಮೌನವೇ ದೊಡ್ಡದಾಗಿತ್ತು.

ಕೈ ಕೀವಾಯಿತು, ಜ್ವರ ಏರಿತು. ಶಿಬಿರದ ವೈದ್ಯೆ ಬಂದು ನೋಡಿ, ದೊಡ್ಡ ಆಸ್ಪತ್ರೆಗೆ ಸಾಗಿಸಿ ಶಸ್ತ್ರಕ್ರಿಯೆ ಮಾಡಬೇಕು, ಈಗ ಮಾಡಿದರೆ ಕೈ ಉಳಿಯುತ್ತದೆ ಎಂದಳು. ಬಂಧನದಲ್ಲಿರುವ ವಿದೇಶಿಯನ್ನು ಹಾಗೆ ಸಾಗಿಸಬೇಕಾದರೆ ಅವನ ದೇಶದ ರಾಯಭಾರ ಕಚೇರಿಯ ಒಪ್ಪಿಗೆ ಬೇಕು; ಅದು ಅಲ್ಲಿಯ ನಿಯಮ. ಆಕೆ ನಮ್ಮ ಕಚೇರಿಗೆ ಆಳು ಕಳಿಸಿದಳು. ಬಾಗಿಲಿಗೆ ಬೀಗ. ಬೀಗಕ್ಕೆ ನಿಮ್ಮ ಮುದ್ರೆ. ಬಾಗಲಕೋಟೆಯಲ್ಲಿ ಚಪ್ಪಾಳೆ ಬಿದ್ದದ್ದು ಈ ಬೀಗಕ್ಕೇ ಅಲ್ಲವೇ?

ಇತ್ತ, ಕೈ ಕೀವಾಗಿದೆ ಎಂದು ಬೀರಲಿಂಗ ಫೋನಿನಲ್ಲಿ ಹೇಳಿದಾಗಿನಿಂದ ನಾನು ದೆಹಲಿಯ ನಿಮ್ಮ ಕಚೇರಿಗೆ ಫೋನ್ ಹಚ್ಚುತ್ತಲೇ ಇದ್ದೆ. ಕೊನೆಗೊಬ್ಬ ಅಧಿಕಾರಿ ಸಿಕ್ಕರು, ಮೈಸೂರು ಸೀಮೆಯ ಕನ್ನಡಿಗರು. ಒಳ್ಳೆಯ ಮನುಷ್ಯ, ಅವರ ನೌಕರಿ ಉಳಿಯಲೆಂದು ಹೆಸರು ಬರೆಯುತ್ತಿಲ್ಲ.

“ರಾಯಭಾರಿಯನ್ನ ವಾಪಸ್ ಕರೆಸೋದು ನಮಗೂ ಟಿವಿ ನೋಡಿಯೇ ಗೊತ್ತಾಯ್ತು ಮೇಡಂ,” ಎಂದರು. “ಮಧ್ಯಸ್ಥಿಕೆಗೆ ಇನ್ನೊಂದು ದೇಶ ತಯಾರಿದೆ. ಒಂದು ಮಾತು ಹೇಳಿದ್ರೆ ನಾಳೆ ಬಿಡಿಸಬಹುದು. ಆದ್ರೆ ಈಗ ಮಾತಾಡಿದ್ವಿ ಅಂತ ಸುದ್ದಿಯಾದ್ರೆ ಬಗ್ಗಿದ್ರು ಅಂತಾರೆ. ಕೊನೇ ಹಂತದ ಮತದಾನ ಮುಗೀಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ.”

“ಕೈ ಕೊಳಿಯಾಕತ್ತೈತ್ರಿ ಸರ. ಅದು ಮತದಾನ ಮುಗಿಯೂ ತನಕ ತಡೀತೈತೇನ್ರಿ?”

“ಕ್ಷಮಿಸಿ ಮೇಡಂ,” ಎಂದು ಫೋನ್ ಇಟ್ಟುಬಿಟ್ಟರು.

ತಡೆಯಲಿಲ್ಲ. ವಿಷ ತೋಳಿಗೆ ಏರುತ್ತಿರುವುದನ್ನು ಕಂಡು ಆ ವೈದ್ಯೆ ಯಾರ ಒಪ್ಪಿಗೆಗೂ ಕಾಯದೆ, ತನ್ನ ಕೆಲಸ ಹೋದರೂ ಸರಿಯೆಂದು, ಶಿಬಿರದ ಚಿಕಿತ್ಸಾ ಕೋಣೆಯಲ್ಲೇ ಬೀರಲಿಂಗನ ಕೈ ತೆಗೆದಳು. ಜೀವ ಉಳಿಯಿತು. ಯಾವ ದೇಶವನ್ನು ನೀವು ಭೂತಗನ್ನಡಿಯಲ್ಲಿ ಹುಡುಕುತ್ತಿದ್ದಿರೋ ಆ ದೇಶದ ಒಬ್ಬ ಹೆಣ್ಣುಮಗಳು ನನ್ನ ತಮ್ಮನನ್ನು ಬದುಕಿಸಿದಳು. ನಿಮ್ಮ ಭಾಷಣದಲ್ಲಿ ಆಕೆಗೆ ಜಾಗವಿರಲಾರದು.

ಆ ದಿನಗಳಲ್ಲಿ ಊರಲ್ಲಿ ಅವ್ವನ ಪಾಡೇನಾಗಿತ್ತು ಗೊತ್ತೇ? ಬನಶಂಕರಿ ಗುಡಿಗೆ ಹೋದರೆ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಒಂದು ಸಂಘದವರು ಶಾಲು ಹೊದಿಸಲು ಮನೆಗೇ ಬಂದರು. ಅವ್ವ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಅವರು ತೊಲಗುವವರೆಗೂ ಒಳಗೆ ಬರಲಿಲ್ಲ. ಪಕ್ಕದ ಮನೆಯ ಬಸಲಿಂಗವ್ವ ಕಣ್ಣೀರು ತುಂಬಿಕೊಂಡು, “ನಿನ್ನ ಎದಿ ಭಾಳ ಗಟ್ಟಿ ಬೋರವ್ವಾ. ನಾ ಆಗಿದ್ರ ಮಗ ಹೋಗ್ಲಿ ಅಂತ ಬಾಯಿ ಬಿಟ್ಟ ಅನ್ನಾಕ ಆಗ್ತಿದ್ದಿಲ್ಲ,” ಎಂದಳು. ಪ್ರೀತಿಯಿಂದಲೇ ಅಂದದ್ದು. ಅವ್ವ ಆಕೆಯ ಎರಡೂ ಕೈ ಹಿಡಿದುಕೊಂಡು, “ನಾ ಹಂಗ ಅಂದಿಲ್ಲವ್ವಾ, ನನ್ನ ಮಗನ ಆಣಿ, ನಾ ಹಂಗ ಅಂದಿಲ್ಲ,” ಎಂದಳು. ಬಸಲಿಂಗವ್ವ ತಲೆಯಾಡಿಸಿದಳು. ನಂಬಲಿಲ್ಲ. ಟಿವಿಯಲ್ಲಿ ಬಂದದ್ದಲ್ಲವೇ!

ಮತದಾನ ಮುಗಿಯಿತು. ನೀವೂ ಗೆದ್ದಿರಿ, ಅವರೂ ಗೆದ್ದರು. ಮಾತುಕತೆ ಅಸಾಧ್ಯವೆಂದವರಿಗೆ ಒಂದು ವಾರದೊಳಗೆ ವಿಮಾನವೇ ಸಿಕ್ಕಿತು. ನಿಲ್ದಾಣದಲ್ಲಿ ಬ್ಯಾಂಡು, ಮಾಲೆ, ‘ಸಿಂಹದ ಗುಹೆಯಿಂದ ಬಿಡಿಸಿ ತಂದೆವು’ ಎಂಬ ಫಲಕ. ಬೀರಲಿಂಗ ಶಾಲು ಹೊದ್ದು ಇಳಿದ. ನಿಮ್ಮ ಛಾಯಾಗ್ರಾಹಕ ಹಿಂದಿಯಲ್ಲಿ ಕೂಗಿದ, ಕೈ ಮುಗೀರಿ, ಕೈ ಮುಗಿದು ಮಂತ್ರಿಗಳಿಗೆ ಧನ್ಯವಾದ ಹೇಳಿ ಎಂದು. ಬೀರಲಿಂಗ ಅಭ್ಯಾಸದಂತೆ ಎರಡೂ ತೋಳು ಎತ್ತಿದ. ಶಾಲು ಜಾರಿತು. ಅಲ್ಲಿಯವರೆಗೆ ನಮಗೂ ತಿಳಿದಿರಲಿಲ್ಲ. ಕೈ ತೆಗೆದ ಮೇಲೆ ಗಾಯ ವಾಸಿಯಾಗುತ್ತಿದೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದ. ಅಂಜನಾ ಓಡಿಹೋಗಿ ಆ ತೋಳನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. ನೀವು ಎರಡು ಹೆಜ್ಜೆ ಆಚೆ ಸರಿದಿರಿ, ಕೈ ಇರುವ ಇನ್ನೊಬ್ಬನ ಪಕ್ಕಕ್ಕೆ. ಮರುದಿನದ ಪತ್ರಿಕೆಗಳಲ್ಲಿ ಬಂದದ್ದು ಆ ಚಿತ್ರ.

ಈಗ ವಾದಕ್ಕೆ ಬರುತ್ತೇನೆ. ಪ್ರಜಾಪ್ರಭುತ್ವದಲ್ಲಿ ವಿದೇಶಾಂಗ ನೀತಿಯೂ ಜನಾಭಿಪ್ರಾಯಕ್ಕೆ ಬಗ್ಗಲೇಬೇಕು ಎಂದು ನೀವು ಈಚೆಗೆ ಒಂದು ಸಂದರ್ಶನದಲ್ಲಿ ಹೇಳಿದಿರಿ. ನಾನು ಒಪ್ಪುತ್ತೇನೆ. ಬಗ್ಗಲಿ. ಆದರೆ ಮೊದಲು ಜನರ ಅಭಿಪ್ರಾಯವನ್ನು ಕೇಳಬೇಕಲ್ಲವೇ? ಅವತ್ತು ಒಬ್ಬ ಮತದಾರಳು ನಿಮ್ಮೆದುರು ನಿಂತು ಮಾತುಕತೆ ನಡೆಸಿ ಎಂದು ಸ್ಪಷ್ಟವಾಗಿ ಹೇಳಿದಳು. ಅದಕ್ಕಿಂತ ಶುದ್ಧವಾದ ಜನಾಭಿಪ್ರಾಯ ನಿಮಗೆ ಎಲ್ಲಿ ಸಿಕ್ಕೀತು? ಅದನ್ನು ಎಸೆದು, ನಿಮಗೆ ಬೇಕಾದದ್ದನ್ನು ಆಕೆಯ ಬಾಯಿಗೆ ತುರುಕಿ, ಆಮೇಲೆ ತಾಯಿಯ ಆಜ್ಞೆಗೆ ತಲೆಬಾಗಿದೆ ಎಂದಿರಿ. ಜನಾಭಿಪ್ರಾಯ ನಿಮ್ಮನ್ನು ನಡೆಸುತ್ತಿಲ್ಲ ಮಾನ್ಯರೇ. ನೀವು ಅದನ್ನು ನಿಮ್ಮ ಅಡುಗೆಮನೆಯಲ್ಲಿ ಮಾಡಿಸಿ, ನಮ್ಮ ಹೆಸರಲ್ಲಿ ನಮಗೇ ಬಡಿಸುತ್ತೀರಿ. ಗಡಸುತನ ತೋರಿಸುವುದರಿಂದ ನಿಮ್ಮ ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ಬೀಳುವುದು ಎಲ್ಲೋ ದೂರದಲ್ಲಿ ಸಿಕ್ಕಿಕೊಂಡವರ ಮೈಮೇಲೆ. ಮೆತ್ತಗೆ ಮಾತಾಡಿದರೆ ಮಾತ್ರ ನಿಮಗೆ ನಷ್ಟ. ಇಂಥ ವ್ಯಾಪಾರದಲ್ಲಿ ಯಾವ ಮಂತ್ರಿ ಮೆತ್ತಗೆ ಮಾತಾಡಿಯಾನು? ಆದ್ದರಿಂದಲೇ ನಿಮ್ಮ ಒಳ್ಳೆಯತನವನ್ನು ನಂಬಿ ಈ ಪತ್ರ ಬರೆಯುತ್ತಿಲ್ಲ.

ಈಗ ಎರಡೂ ದೇಶ ಮತ್ತೆ ಅಣ್ಣತಮ್ಮಂದಿರಂತೆ. ನೀವೂ ಅವರೂ ಅಪ್ಪಿಕೊಂಡ ಚಿತ್ರ ನೋಡಿದೆ. ನಡೆದದ್ದೆಲ್ಲ ಸಣ್ಣ ತಪ್ಪು ತಿಳಿವಳಿಕೆಯಂತೆ. ಆಸ್ಪತ್ರೆ ಪೂರ್ತಿಯಾಗಿ ಉದ್ಘಾಟನೆಗೆ ನಿಂತಿದೆ. ಕಳೆದ ವಾರ ನಿಮ್ಮ ಕಚೇರಿಯವರು, ಹನಮಂತಪ್ಪನನ್ನು ಮುಂದಿಟ್ಟುಕೊಂಡು, ಮತ್ತೆ ನಮ್ಮ ಮನೆಗೆ ಬಂದರು. ಬೀರಲಿಂಗನನ್ನೂ ಅವ್ವನನ್ನೂ ಉದ್ಘಾಟನೆಗೆ ಕರೆದೊಯ್ಯಬೇಕಂತೆ. ಎರಡು ದೇಶಗಳ ಸ್ನೇಹದ ಸಂಕೇತವಾಗಿ ವೇದಿಕೆಯ ಮೇಲೆ ಕೂರಿಸಬೇಕಂತೆ. ಆಗ ದ್ವೇಷಕ್ಕೆ ಬೆಲೆಯಿತ್ತು, ಈಗ ಸ್ನೇಹಕ್ಕೆ ಬಂದಿದೆ. ಸರಕು ಮಾತ್ರ ಅದೇ ಮುದುಕಿ.

ನಾನು ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದೆ. ಬೀರಲಿಂಗ ತಡೆದ.

“ನಾ ಬರ್ತೇನ್ರಿ. ನನ್ನ ಜೀವಾ ಉಳಿಸಿದ ಡಾಕ್ಟರಮ್ಮನ್ನ ನೋಡಬೇಕಾಗೇತಿ. ಅವ್ವಂದ ಅವ್ವನ್ನ ಕೇಳ್ರಿ.”

ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟು ಹನಮಂತಪ್ಪನನ್ನು ನೋಡಿದಳು.

“ಬರ್ತೇನಿ. ಆದ್ರ ಅಲ್ಲಿ ಮಾತಾಡಾಕ ಬಿಡಬೇಕು. ನಾ ಕನ್ನಡದಾಗ ಹೇಳ್ತೇನಿ, ಫರಹಾನಾ ಹಿಂದ್ಯಾಗ ಹೇಳ್ಲಿ, ಆ ದೇಶದವರು ತಮ್ಮ ಭಾಷಾದಾಗ ಹೇಳ್ಕೊಳ್ಳಿ. ನಿಮ್ಮ ಮಂದಿ ಯಾರೂ ನಡುವ ಬಾಯಿ ಹಾಕಬಾರ್ದು.”

“ಏನ ಮಾತಾಡ್ತೀರಿ ಅವ್ವಾರ? ಮೊದಲ ಹೇಳ್ರಿ, ಸಾಹೇಬ್ರು ಕೇಳ್ತಾರ,” ಎಂದ ಹನಮಂತಪ್ಪ.

“ಅಲ್ಲಿ ಬಂದ ಕೇಳ್ಸಕೊಳ್ಳಾಕ ಹೇಳ ನಿಮ್ಮ ಸಾಹೇಬಗ.”

ಅವರು ಆಲೋಚಿಸಿ ತಿಳಿಸುತ್ತೇವೆಂದು ಹೋದರು. ಇನ್ನೂ ಆಲೋಚಿಸುತ್ತಿದ್ದಾರೆ. ನೀವು ಆಲೋಚಿಸುವಾಗ ನನ್ನ ಬೇಡಿಕೆಯನ್ನೂ ಜೊತೆಗಿಟ್ಟುಕೊಳ್ಳಿ. ನಮ್ಮವ್ವ ಬಾಗಲಕೋಟೆಯಲ್ಲಿ ನಿಜವಾಗಿ ಹೇಳಿದ್ದೇನೆಂಬುದನ್ನು ನೀವೇ ಸಂಸತ್ತಿನಲ್ಲಿ ಎದ್ದು ನಿಂತು ಓದಬೇಕು, ಅದು ಕಡತದಲ್ಲಿ ದಾಖಲಾಗಬೇಕು. ಪರದೇಶದಲ್ಲಿ ನಮ್ಮ ಜನ ಸೆರೆಯಲ್ಲಿರುವಾಗ ಯಾವ ಮಂತ್ರಿಯೂ ಚುನಾವಣಾ ವೇದಿಕೆಯಿಂದ ಆ ದೇಶದ ಕುರಿತು ನಿರ್ಧಾರ ಘೋಷಿಸಬಾರದೆಂಬ ಕಾನೂನು ಬರಬೇಕು. ಮತ್ತು ಆ ರಾಯಭಾರ ಕಚೇರಿಗೆ ಬೀಗ ಹಾಕಿದ್ದು ಯಾರ ಸಲಹೆಯಿಂದ ಎಂದು ಬೀರಲಿಂಗನಿಗೆ ಲಿಖಿತ ಉತ್ತರ ಕೊಡಬೇಕು. ಅವನು ಎಡಗೈಯಲ್ಲಿ ಸಹಿ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ನಿಮ್ಮ ಉತ್ತರ ಬಂದರೆ ಪಡೆದುಕೊಳ್ಳಲು ಅಷ್ಟು ಸಾಕಾದೀತು.

ಇಂತಿ, ಮುಂದಿನ ಚುನಾವಣೆಯವರೆಗೆ ನಿಮ್ಮ ನೆನಪಿಗೆ ಬರಲಾರದ,

ಲಲಿತಾ, ಬೋರವ್ವನ ಮಗಳು
ರಾಜ್ಯಶಾಸ್ತ್ರ ಉಪನ್ಯಾಸಕಿ, ಕೆರೂರ
(ವಿದೇಶಾಂಗ ನೀತಿಯ ಆ ಪಾಠವನ್ನು ಈಗ ಹೇಗೆ ಕಲಿಸಬೇಕೆಂದು ತಿಳಿಯದೆ ಕುಳಿತವಳು)